ಯೂರಿನ್‌ನಲ್ಲಿ ಶುಗರ್ 3+ ಬಂದಿದೆ, ಅಮ್ಮಂಗೆ ಕಂಟ್ರೋಲ್ ತಪ್ಪಿದ್ಯಾ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ನಮ್ಮಮ್ಮಂಗೆ 58 ವರ್ಷ, ಶುಗರ್ ಇದೆ. ಮೊನ್ನೆ ಯೂರಿನ್ ರೊಟೀನ್ ಮಾಡ್ಸಿದ್ವಿ, ಗ್ಲೂಕೋಸ್ 3+, ಆಲ್ಬುಮಿನ್ ಟ್ರೇಸ್, ಪಸ್ ಸೆಲ್ಸ್ 8-10, ಎಪಿಥೀಲಿಯಲ್ ಸೆಲ್ಸ್ ಜಾಸ್ತಿ ಅಂತ ಬಂದಿದೆ. ಆದ್ರೆ ಅವತ್ತೇ ಖಾಲಿ ಹೊಟ್ಟೆ ಬ್ಲಡ್ ಶುಗರ್ 118 ಇತ್ತು. ಅಮ್ಮ ಹೆದರ್ಕೊಂಡು ಅನ್ನಾನೇ ಮುಟ್ತಿಲ್ಲ. ಉರಿ, ಜ್ವರ ಏನೂ ಇಲ್ಲ, ಆದ್ರೂ ಮೆಡಿಕಲ್ ಶಾಪಲ್ಲಿ ಇನ್ಫೆಕ್ಷನ್ ಅಂತ ಆಂಟಿಬಯಾಟಿಕ್ ಕೊಟ್ರು, ಇನ್ನೂ ಶುರು ಮಾಡಿಲ್ಲ.

ಡಾಕ್ಟರ್: ಮೊದ್ಲು ಅಮ್ಮಂಗೆ ಊಟ ಮಾಡೋಕೆ ಹೇಳಿ. ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಅನ್ನೋ ಮಾತ್ರೆ ಏನಾದ್ರೂ ತಗೋತಿದಾರಾ, ಸ್ಟ್ರಿಪ್ ನೋಡಿ ಹೇಳಿ.

ಪ್ರಶ್ನೆ ಕೇಳಿದವರು: ಹೌದು ಸಾರ್, ಡಾಪಾಗ್ಲಿಫ್ಲೋಜಿನ್ 10 ಎಂಜಿ, ದಿನಕ್ಕೊಂದು ಮಾತ್ರೆ.

ಡಾಕ್ಟರ್: ಹಾಗಾದ್ರೆ ಆ 3+ ಮಾತ್ರೆಯಿಂದಾನೇ. ಕಿಡ್ನಿ ಸೋಸಿದ ಸಕ್ಕರೇನ ವಾಪಸ್ ರಕ್ತಕ್ಕೆ ಎಳ್ಕೊಳ್ಳುತ್ತೆ, ಸಾಮಾನ್ಯವಾಗಿ ಬ್ಲಡ್ ಶುಗರ್ ಸುಮಾರು 180 ದಾಟಿದ್ಮೇಲೆ ಮಾತ್ರ ಯೂರಿನ್‌ಗೆ ಇಳಿಯುತ್ತೆ, ಈ ಮಾತ್ರೆ ಆ ಎಳ್ಕೊಳ್ಳೋದನ್ನೇ ತಡೆಯುತ್ತೆ, ಅದಕ್ಕೇ 118 ಇದ್ರೂ ಸಕ್ಕರೆ ಹೋಗ್ತಾನೇ ಇರುತ್ತೆ. ಮಾತ್ರೆ ನೀವಾಗೇ ನಿಲ್ಲಿಸ್ಬೇಡಿ, ಇದು ಕಿಡ್ನಿಗೂ ಒಳ್ಳೇದು. ವಾಂತಿ ಆಗಿ ಊಟ ಸೇರದೇ ಇರೋ ದಿನ ಮಾತ್ರ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಕೆಳಗೆ ತುರಿಕೆ ಬಂದ್ರೂ ಹೇಳಿ.

ನನಗೆ ಚಿಂತೆ ಇರೋದು ಎಲ್ರೂ ಕಣ್ಣು ಹಾಯಿಸಿ ಬಿಟ್ಬಿಡೋ ಆ 'ಆಲ್ಬುಮಿನ್ ಟ್ರೇಸ್' ಬಗ್ಗೆ, ಅಂದ್ರೆ ಆಲ್ಬುಮಿನ್ ಅನ್ನೋ ಪ್ರೋಟೀನ್ ಚೂರು ಯೂರಿನ್‌ನಲ್ಲಿ ಕಂಡಿದೆ ಅಂತ. ಯೂರಿನ್‌ಗೆ ಪಟ್ಟಿ ಅದ್ದಿ ನೋಡೋ ಈ ಸ್ಟ್ರಿಪ್ ಟೆಸ್ಟಿಗೆ ಸ್ವಲ್ಪ ಆಲ್ಬುಮಿನ್ ಕಾಣೋದೇ ಇಲ್ಲ, 'ನಿಲ್' ಅಂತ ಬಂದ್ರೂ ಕಿಡ್ನಿ ಪೂರ್ತಿ ಸರಿ ಇದೆ ಅನ್ನೋಕಾಗಲ್ಲ. ಯೂರಿನ್ ಎಸಿಆರ್ (ಯೂರಿನ್‌ನಲ್ಲಿ ಕ್ರಿಯಾಟಿನಿನ್‌ಗೆ ಹೋಲಿಸಿ ಆಲ್ಬುಮಿನ್ ಎಷ್ಟಿದೆ ಅಂತ ಅಳೆಯೋ ಟೆಸ್ಟ್) ಅಂತ ಬರ್ಸಿಕೊಂಡು ಮಾಡ್ಸಿ, ಬೆಳಿಗ್ಗೆ ಮೊದಲ ಯೂರಿನ್ ಆದ್ರೆ ಒಳ್ಳೇದು. 30 mg/g ಒಳಗಿದ್ರೆ ನಾರ್ಮಲ್. ಜಾಸ್ತಿ ಬಂದ್ರೆ ಒಂದೇ ಸಲಕ್ಕೆ ತೀರ್ಮಾನ ಮಾಡೋ ಹಾಗಿಲ್ಲ, ಜ್ವರ ಬಂದಿದ್ರೂ ಏರುತ್ತೆ, ಮೂರರಿಂದ ಆರು ತಿಂಗಳಲ್ಲಿ ಮೂರು ಸಲ ನೋಡಿ ಎರಡು ಸಲ ಜಾಸ್ತಿ ಇದ್ರೆ ಆಗ ಹೌದು ಅಂತೀವಿ. ಜೊತೆಗೆ ಕಿಡ್ನಿ ಹೇಗೆ ಸೋಸ್ತಿದೆ ಅಂತ ತಿಳಿಯೋಕೆ ರಕ್ತದಲ್ಲಿ ಕ್ರಿಯಾಟಿನಿನ್, ಬಿಪಿ ಕೂಡ ನೋಡ್ಬೇಕು. ಟೈಪ್ 2 ಶುಗರ್ ಇರೋರು ಕಾಯಿಲೆ ಗೊತ್ತಾದ ದಿನದಿಂದಾನೇ ವರ್ಷಕ್ಕೊಂದ್ಸಲ ಇದನ್ನ ಮಾಡಿಸ್ಲೇಬೇಕು, ಯಾಕಂದ್ರೆ ಕಾಲು ಊದ್ಕೊಳ್ಳೋವರೆಗೂ ಕಾದ್ರೆ ತುಂಬಾ ತಡ ಆಗಿರುತ್ತೆ.

ಇನ್ನು ಪಸ್ ಸೆಲ್ಸ್, ಅಂದ್ರೆ ಕೀವಿನ ಕಣಗಳು. ಎಪಿಥೀಲಿಯಲ್ ಸೆಲ್ಸ್ ಜಾಸ್ತಿ ಅಂದ್ರೆ ಸ್ಯಾಂಪಲ್‌ಗೆ ಹೊರಗಿನ ಚರ್ಮದ್ದು ಬೆರೆತಿದೆ ಅಂತ, ಪಸ್ ಸೆಲ್ಸ್ ಕೂಡ ಹಾಗೇ ಬೆರೆತಿರ್ಬಹುದು. ತೊಂದರೇನೇ ಇಲ್ಲದಿರೋವಾಗ ಆಂಟಿಬಯಾಟಿಕ್ ಬೇಡ.

ಇನ್ನೊಬ್ಬರು: ಸಾರ್, ಯೂರಿನ್ ಮನೇಲೇ ಹಿಡಿದು ಹಳೇ ಔಷಧಿ ಬಾಟ್ಲಲ್ಲಿ ತಗೊಂಡು ಹೋಗ್ಬಹುದಾ?

ಡಾಕ್ಟರ್: ಬಾಟ್ಲಿ ಬೇಡಮ್ಮ, ಲ್ಯಾಬಿನ ಡಬ್ಬಿ ಮೊದ್ಲೇ ಇಸ್ಕೊಳ್ಳಿ. ನೀರಲ್ಲಿ ತೊಳ್ಕೊಂಡು, ಮೊದಲು ಬರೋದನ್ನ ಬಿಟ್ಟು ನಡುವಿನದ್ದು ಹಿಡೀರಿ. ಒಂದೆರಡು ಗಂಟೆ ಒಳಗೆ ಕೊಡಿ, ಆಗ್ಲಿಲ್ಲ ಅಂದ್ರೆ ಫ್ರಿಜ್ಜಲ್ಲಿಡಿ. ಮುಟ್ಟಿನ ದಿನಗಳಲ್ಲಿ ಬೇಡ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಸಾರ್, ನಾಳೆನೇ ಎಸಿಆರ್ ಮಾಡಿಸ್ತೀನಿ. ಮುಂದೆ ಉರಿ ಬಂದ್ರೆ?

ಡಾಕ್ಟರ್: ಆಗ ಡಾಕ್ಟರಿಗೆ ತೋರ್ಸಿ, ಆಂಟಿಬಯಾಟಿಕ್ ಮೊದಲ ಮಾತ್ರೆ ನುಂಗೋ ಮುಂಚೆನೇ ಕಲ್ಚರ್‌ಗೆ (ಯಾವ ರೋಗಾಣು ಇದೆ ಅಂತ ಬೆಳೆಸಿ ನೋಡೋ ಟೆಸ್ಟ್) ಯೂರಿನ್ ಕೊಡಿ. ಚಳಿ ಜ್ವರ, ಬೆನ್ನ ಪಕ್ಕೇಲಿ ನೋವು ಇದ್ರೆ ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ.