ದಿನದ ಕೆಲಸಗಳ ನಡುವೆ ಲೆಕ್ಕದ ಒಗಟು: ನಿಮ್ಮ ಅನುಭವ ತಿಳಿಸುವಿರಾ?

ಹಾಸನದಿಂದ ಪ್ರಶ್ನೆ:
ಶಾಲೆಯ ದಿನಗಳಲ್ಲಿ ಲೆಕ್ಕದ ಒಗಟುಗಳೆಂದರೆ ನನಗೆ ಊಟ ಮರೆಯುವಷ್ಟು ಹುಚ್ಚಿತ್ತು. ಈಗ ಸಹಕಾರ ಸಂಘವೊಂದರಲ್ಲಿ ದಿನವಿಡೀ ಲೆಕ್ಕ ಬರೆಯುವವನಾದ್ದರಿಂದ ಅಂಕಿಗಳನ್ನು ಕಂಡರೆ ದಣಿವಾಗುತ್ತದೆಯೇ ಹೊರತು ಖುಷಿಯಾಗುವುದಿಲ್ಲ. ಐದನೆಯ ತರಗತಿಯ ಮಗಳೂ ಗಣಿತವೆಂದರೆ ಮುಖ ತಿರುಗಿಸುತ್ತಾಳೆ. ಒಗಟಿನ ಪುಸ್ತಕಗಳೆರಡನ್ನು ತಂದಿಟ್ಟೆ. ನಾಲ್ಕು ಪುಟದಾಚೆ ಇಬ್ಬರೂ ಹೋಗಲಿಲ್ಲ. ಇದಕ್ಕೆಂದೇ ಬೇರೆ ಹೊತ್ತು ಮೀಸಲಿಡದೆ, ಮನೆ, ಬೀದಿ, ಪ್ರಯಾಣಗಳ ನಡುವೆಯೇ ಈ ಸುಖವನ್ನು ಉಳಿಸಿಕೊಂಡವರು ನಿಮ್ಮ ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.

ಸಾಗರದಿಂದ:
ನಾನು ಗಣಿತ ಓದಿದವಳಲ್ಲ. ನಮ್ಮ ಮನೆಯಲ್ಲಿ ಒಗಟು ಶುರುವಾದದ್ದು ಅಂಗಳದ ರಂಗೋಲಿಯಿಂದ. ಏಳು ಚುಕ್ಕಿಯಿಂದ ಒಂದರ ತನಕ ನೇರ ಚುಕ್ಕಿ ಇಡುವುದನ್ನು ನೀವೂ ನೋಡಿರುತ್ತೀರಿ: ನಡುವಿನ ಸಾಲಿನಲ್ಲಿ 7, ಅದರ ಮೇಲೂ ಕೆಳಗೂ 5, 3, 1. ಒಂದು ದಿನ ಮೊಮ್ಮಗಳು ಎಲ್ಲವನ್ನೂ ಎಣಿಸಿ 25 ಎಂದಳು. ಸಾಲು ಸಾಲಾಗಿ ಕೂಡದೆ ಬೇರೆ ಬಗೆಯಲ್ಲಿ ಎಣಿಸಲು ಬರುತ್ತದೆಯೇ ಎಂದು ಸುಮ್ಮನೆ ಕೇಳಿದೆ. ಮೆಟ್ಟಿಲ ಮೇಲೆ ಕುಳಿತು ತಲೆ ವಾರೆ ಮಾಡಿಕೊಂಡು ಬಹಳ ಹೊತ್ತು ನೋಡುತ್ತಿದ್ದವಳು, ಓರೆ ಸಾಲುಗಳಲ್ಲಿ ನಾಲ್ಕು ನಾಲ್ಕರ ಒಂದು ಚೌಕವೂ ಅದರ ಸಂದಿನಲ್ಲಿ ಮೂರು ಮೂರರ ಇನ್ನೊಂದು ಚೌಕವೂ ಅಡಗಿರುವುದನ್ನು ಕಂಡುಕೊಂಡಳು. 16 ಮತ್ತು 9 ಸೇರಿದರೆ 25. ಮರುದಿನ ಒಂಬತ್ತು ಚುಕ್ಕಿಯ ರಂಗೋಲಿಗೆಂದು ನಾನಿನ್ನೂ ಪುಡಿಯ ಡಬ್ಬಿ ತೆರೆಯುತ್ತಿರುವಾಗಲೇ 41 ಎಂದು ಹೇಳಿಬಿಟ್ಟಳು. ಐವತ್ತು ವರ್ಷ ರಂಗೋಲಿ ಹಾಕಿದ ನನಗೆ ಅದು ಅಲ್ಲಿಯವರೆಗೆ ಕಂಡಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಬೆಂಗಳೂರಿನಿಂದ:
ಎಲ್ಲರಿಗೂ ಅಂಗಳವಿರುವುದಿಲ್ಲ, ನನಗಿರುವುದು ದಿನಕ್ಕೆ ಎರಡು ಗಂಟೆಯ ಬಸ್ ಪ್ರಯಾಣ. ಕಿಟಕಿಯ ಪಕ್ಕ ಜಾಗ ಸಿಕ್ಕರೆ, ಮುಂದೆ ನಿಂತ ವಾಹನದ ನೋಂದಣಿ ಸಂಖ್ಯೆಯ ನಾಲ್ಕು ಅಂಕಿಗಳನ್ನು ಮನಸ್ಸಿನಲ್ಲೇ ಇಳಿಕೆಯ ಕ್ರಮದಲ್ಲಿ ಜೋಡಿಸಿ, ಅದರಿಂದ ಏರಿಕೆಯ ಕ್ರಮದ ಸಂಖ್ಯೆಯನ್ನು ಕಳೆಯುತ್ತೇನೆ. ಬಂದ ಉತ್ತರಕ್ಕೂ ಹಾಗೆಯೇ ಮಾಡುತ್ತೇನೆ. ಮೊನ್ನೆ 3087 ಸಿಕ್ಕಿತು. 8730ರಲ್ಲಿ 0378 ಕಳೆದರೆ 8352. ಮತ್ತೆ 8532ರಲ್ಲಿ 2358 ಕಳೆದರೆ 6174. ನಾಲ್ಕೂ ಅಂಕಿ ಒಂದೇ ಆಗಿರದಿದ್ದರೆ ಸಾಕು, ಯಾವ ಸಂಖ್ಯೆಯಿಂದ ಹೊರಟರೂ ಹೆಚ್ಚೆಂದರೆ ಏಳು ಸಲ ಕಳೆಯುವಷ್ಟರಲ್ಲಿ ಅದು 6174ಕ್ಕೆ ಬಂದು ನಿಲ್ಲುತ್ತದೆ. ಇದನ್ನು 1949ರಲ್ಲಿ ಕಂಡುಹಿಡಿದ ಡಿ. ಆರ್. ಕಾಪ್ರೇಕರ್ ಅವರು ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಮೇಷ್ಟರಾಗಿದ್ದವರು. ನನ್ನ ಆಟವೆಂದರೆ, ಎಷ್ಟು ಸಲ ಕಳೆಯಬೇಕಾಗಬಹುದೆಂದು ಮೊದಲೇ ಊಹಿಸುವುದು. ಊಹೆ ತಪ್ಪುವುದೇ ಹೆಚ್ಚು.

ಇನ್ನೊಂದು ಮಾತು. ಕಚೇರಿಯಲ್ಲಿ ಗೆಳೆಯರೆಲ್ಲ ಸೇರಿ ಪತ್ರಿಕೆಯ ಸುಡೊಕು ಬಿಡಿಸುತ್ತಿದ್ದೆವು. ಯಾರೋ ಗಡಿಯಾರ ಹಿಡಿದು ಸಮಯ ಬರೆದಿಡತೊಡಗಿದ ಮೇಲೆ ಎರಡೇ ತಿಂಗಳಲ್ಲಿ ಒಬ್ಬೊಬ್ಬರಾಗಿ ಬಿಟ್ಟೆವು. ಮಗಳೊಂದಿಗೆ ದಯವಿಟ್ಟು ಸಮಯ ನೋಡಬೇಡಿ.

ರಾಣೆಬೆನ್ನೂರಿನಿಂದ:
ನಮ್ಮದು ದಿನಸಿ ಅಂಗಡಿ. ಒಂದರಿಂದ 40 ಕಿಲೋವರೆಗಿನ ಯಾವ ಪೂರ್ಣ ತೂಕವನ್ನಾದರೂ ನಾಲ್ಕೇ ಕಲ್ಲುಗಳಲ್ಲಿ ತೂಗಬೇಕಾದರೆ ಅವು ಎಷ್ಟೆಷ್ಟರವು ಎಂದು ತಂದೆಯವರು ಕೇಳುತ್ತಿದ್ದರು. ಸರಕಿನ ತಟ್ಟೆಯಲ್ಲೂ ಕಲ್ಲು ಇಡಬಹುದೆಂಬುದು ಹೊಳೆಯುವವರೆಗೆ ಬಿಡಿಸಲಾಗದು. 1, 3, 9, 27. ಈಗ ಎಲೆಕ್ಟ್ರಾನಿಕ್ ತಕ್ಕಡಿ ಬಂದಿದೆ, ಆದರೂ ಹಳೆಯ ತಕ್ಕಡಿಯನ್ನು ಈ ಒಂದು ಪ್ರಶ್ನೆಗಾಗಿ ಇಟ್ಟುಕೊಂಡಿದ್ದೇನೆ.

ಸೇಡಂನಿಂದ:
ನಾನು ನಿವೃತ್ತ ಶಿಕ್ಷಕ. ನಮ್ಮ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯರು ರಚಿಸಿದ ಗಣಿತಸಾರಸಂಗ್ರಹದಲ್ಲಿರುವ ಒಂದು ಲೆಕ್ಕವನ್ನು ಊಟಕ್ಕೆ ಕುಳಿತಾಗ ಕೇಳಿ ನೋಡಿ. ಮೂವರು ವರ್ತಕರಿಗೆ ದಾರಿಯಲ್ಲಿ ಹಣದ ಚೀಲವೊಂದು ಕಾಣುತ್ತದೆ. ಇದು ನನ್ನದಾದರೆ ನಿಮ್ಮಿಬ್ಬರ ಹಣ ಸೇರಿದರೆ ಎಷ್ಟೋ ಅದರ ಎರಡರಷ್ಟು ನನ್ನಲ್ಲಿರುತ್ತದೆ ಎನ್ನುತ್ತಾನೆ ಮೊದಲನೆಯವನು. ನನ್ನದಾದರೆ ಮೂರರಷ್ಟು ಎನ್ನುತ್ತಾನೆ ಎರಡನೆಯವನು. ಐದರಷ್ಟು ಎನ್ನುತ್ತಾನೆ ಮೂರನೆಯವನು. ಹಾಗಾದರೆ ಚೀಲದಲ್ಲೆಷ್ಟು, ಒಬ್ಬೊಬ್ಬರ ಕೈಯಲ್ಲೆಷ್ಟು?

ಬೀಜಗಣಿತ ಬಲ್ಲವರು ಅಕ್ಷರಗಳನ್ನು ಹಿಡಿದು ಹೊರಡುತ್ತಾರೆ. ಐದನೆಯ ತರಗತಿಯ ಮಗುವಿಗೆ ಹುಣಸೆ ಬೀಜಗಳೇ ಸಾಕು. ಚೀಲ ಯಾರ ಪಾಲಾದರೂ ಒಟ್ಟು ಹಣ ಬದಲಾಗದು. ಆ ಒಟ್ಟನ್ನು ಮೂರು, ನಾಲ್ಕು, ಆರು ಸಮಪಾಲು ಮಾಡಲು ಬರಬೇಕು. ಇಷ್ಟು ಸುಳಿವನ್ನೂ ಎರಡು ದಿನ ಬಿಟ್ಟು ಕೊಡಿ. ಉತ್ತರವನ್ನಂತೂ ನಾನು ಇಲ್ಲಿ ಬರೆಯುವುದಿಲ್ಲ. ಮೂವತ್ತು ವರ್ಷಗಳ ನನ್ನ ಪಾಠದಲ್ಲಿ ದೊಡ್ಡ ತಪ್ಪೆಂದರೆ, ಮಕ್ಕಳು ಯೋಚಿಸುತ್ತ ಸುಮ್ಮನಿದ್ದಾಗ ನಾನು ಸುಮ್ಮನಿರಲಾರದೆ ಹೋದದ್ದು.

ಹಾಸನದಿಂದ, ಹತ್ತು ದಿನಗಳ ನಂತರ:
ಎಲ್ಲರಿಗೂ ವಂದನೆಗಳು. ಮೇಷ್ಟ್ರು ಹೇಳಿದಂತೆ ಸುಳಿವನ್ನು ಮೂರನೆಯ ದಿನ ಕೊಟ್ಟೆ. ಮಗಳು 12 ಬೀಜಗಳನ್ನು ತಂದು ಹರಡಿಕೊಂಡಳು. ಚೀಲದೊಡನೆ ಮೊದಲನೆಯವನಿಗೆ 8 ಆದರೆ ಉಳಿದಿಬ್ಬರದು 4. ಹೀಗೆಯೇ ಮುಂದಿನವು 3 ಮತ್ತು 2 ಎಂಬಲ್ಲಿಯವರೆಗೆ ಸರಾಗವಾಗಿ ಬಂದಳು. ಈ ಮೂರನ್ನೂ ಕೂಡಿದರೆ 9. ಅದರಲ್ಲಿ ಪ್ರತಿಯೊಬ್ಬನ ಹಣವೂ ಎರಡು ಸಲ ಸೇರಿರುವುದರಿಂದ ಮೂವರದು ಒಟ್ಟು ನಾಲ್ಕೂವರೆಯಾಗಬೇಕು. ಅರ್ಧ ಬೀಜವನ್ನು ಎಲ್ಲಿಂದ ತರುವುದೆಂದು ಸಿಟ್ಟು ಮಾಡಿಕೊಂಡು ಎದ್ದುಹೋದಳು. ನಾನು ಬಾಯಿ ಬಿಡಲಿಲ್ಲ. ಬಿಡದಿರುವುದು ಎಷ್ಟು ಕಷ್ಟವೆಂಬುದು ಆಗ ತಿಳಿಯಿತು. ಮರುದಿನ ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುತ್ತಿದ್ದವಳು ಅರ್ಧಕ್ಕೇ ಎದ್ದು ಬಂದು ಇನ್ನೂ 12 ಬೀಜ ಬೇಕೆಂದಳು. ಚೀಲದಲ್ಲಿ 15, ಕೈಗಳಲ್ಲಿ 1, 3, 5.

ಸಾಗರದ ಅಮ್ಮನವರಲ್ಲಿ ಅವಳದೊಂದು ಪ್ರಶ್ನೆಯಿದೆ. ಏಳರಿಂದ ನಾಲ್ಕರ ತನಕ ಸಂದು ಚುಕ್ಕಿ ಇಟ್ಟು ಎಣಿಸಿದಾಗ 37 ಬಂದಿದೆಯಂತೆ. ತಲೆಯನ್ನು ಎಷ್ಟು ವಾರೆ ಮಾಡಿದರೂ ಚೌಕಗಳು ಕಾಣುತ್ತಿಲ್ಲವಂತೆ. ಅದನ್ನು ಬೇರೆ ಯಾವ ಬಗೆಯಲ್ಲಿ ನೋಡಬೇಕು?