ಹಳ್ಳಿ ಮನೆಯಲ್ಲಿ ಒಬ್ಬಳೇ ಇರುವ ಅಮ್ಮ ಬೀಳದ ಹಾಗೆ ಮೊದಲು ಏನು ಮಾಡಿಸಲಿ?

ಮಲ್ನಾಡ್ ಮಗಳು:
ತೀರ್ಥಹಳ್ಳಿ ಹತ್ತಿರ ಹಳೇ ಹಂಚಿನ ಮನೆ. ಅಮ್ಮನಿಗೆ 78. ಹೋದ ವಾರ ಬೆಳಗಿನ ಜಾವ ಎದ್ದು ಬಚ್ಚಲಿಗೆ ಹೋಗುವಾಗ ಕಣ್ಣು ಕತ್ತಲೆ ಬಂದು, ಗೋಡೆ ಹಿಡ್ಕೊಂಡು ಕೂತಳಂತೆ. ಹೇಳಿದ್ದು ಪಕ್ಕದ ಮನೆ ಅಕ್ಕ. ಅಮ್ಮನ್ನ ಕೇಳಿದ್ರೆ "ಹೇಳಿದ್ರೆ ನೀನು ಬೆಂಗಳೂರಿಗೆ ಕರ್ಕೊಂಡು ಹೋಗಿಬಿಡ್ತೀಯ" ಅಂದಳು. ಬಿಪಿ ಮಾತ್ರೆ, ನೀರಿನ ಮಾತ್ರೆ (ಮೂತ್ರ ಜಾಸ್ತಿ ಹೋಗೋ ಹಾಗೆ ಮಾಡೋದು) ಎರಡೂ ಇದೆ. ಬಚ್ಚಲಲ್ಲಿ ನುಣುಪು ಕಲ್ಲು, ಅಂಗಳದಲ್ಲಿ ಮಳೆಗಾಲ ಪೂರ್ತಿ ಪಾಚಿ. ಕೋಲು ತಂದುಕೊಟ್ಟರೆ ಬಾಗಿಲ ಹಿಂದೆ ಇಟ್ಟಿದ್ದಾಳೆ. ಅವಳನ್ನ ಆ ಮನೆಯಿಂದ ಎಬ್ಬಿಸೋದು ನನಗೂ ಬೇಡ.

ಫಿಸಿಯೋ ಹಾಸನ:
ಮನೆಗಳಿಗೆ ಹೋಗಿ ಫಿಸಿಯೋಥೆರಪಿ ಮಾಡುವವಳು ನಾನು. ಮೇಸ್ತ್ರಿಯನ್ನು ಕರೆಸುವ ಮೊದಲು ಬಿಪಿ ನೋಡಿಸಿ. ಕೂರಿಸಿ ನೋಡಿದರೆ ಸಾಲದು. 5 ನಿಮಿಷ ಮಲಗಿದ ಮೇಲೆ ಒಮ್ಮೆ, ಎದ್ದು ನಿಂತ 1 ನಿಮಿಷಕ್ಕೆ, 3 ನಿಮಿಷಕ್ಕೆ ಮತ್ತೆ. ಮೇಲಿನ ಅಂಕಿ 20, ಇಲ್ಲವೇ ಕೆಳಗಿನದು 10 ಇಳಿದರೆ ಬರೆದುಕೊಂಡು ಡಾಕ್ಟರಿಗೆ ತೋರಿಸಿ. ಮಾತ್ರೆ ನೀವೇ ನಿಲ್ಲಿಸಬೇಡಿ. ನಿದ್ದೆ ಮಾತ್ರೆ, ಶೀತದ ಮಾತ್ರೆ ಅಂತ ಅಂಗಡಿಯಿಂದ ತರಿಸ್ಕೊಳ್ತಾರಾ, ಅದನ್ನೂ ಕೇಳಿ. ಎದ್ದ ಕೂಡಲೇ ನಡೆಯೋದು ಬೇಡ. ಮಂಚದಿಂದ ಕಾಲು ಇಳಿಬಿಟ್ಟು ಕೂತು, ಪಾದ ಆಡಿಸಿ, ಆಮೇಲೆ ಏಳಲಿ. ಹಂಡೆ ನೀರು ಸುಡುಸುಡು ಹುಯ್ಕೊಂಡರೂ ಬಿಪಿ ಇಳಿಯುತ್ತೆ, ಸ್ನಾನ ಕೂತೇ ಮಾಡಲಿ.

ಬಚ್ಚಲಿಗೆ ಗೋಡೆ ಕೊರೆದು ಕೂರಿಸೋ ಸ್ಟೀಲ್ ಹಿಡಿಕೆ ಬೇಕು, ಟವೆಲ್ ರಾಡ್ ಮೈಭಾರ ತಡೆಯಲ್ಲ. ಎಲ್ಲಿ ಹಾಕಬೇಕು ಅಂತ ಅಮ್ಮನ್ನೇ ಕೇಳಿ. ಅವರು ಕೂತು ಏಳುವಾಗ ಕೈ ಎಲ್ಲಿ ಗೋಡೆಗೆ ಹೋಗುತ್ತೋ ಅಲ್ಲೇ ಗುರುತು ಹಾಕಿ. ಮೇಸ್ತ್ರಿ ಅಂದಾಜಿನ ಮೇಲೆ ಹಾಕಿದ್ದು ಎಷ್ಟೋ ಮನೆಗಳಲ್ಲಿ ಕೈಗೇ ಎಟುಕಲ್ಲ. ಚಿಲಕ ಹೊರಗಿನಿಂದಲೂ ತೆಗೆಯುವಂಥದ್ದಿರಲಿ.

ಸಾಗರದ ಅಜ್ಜ:
ನನಗೂ 74 ಮಗಳೇ. ಮಳೆ ಹಿಡಿಯೋ ಮೊದಲು ಅಂಗಳಕ್ಕೆ ಅಡಿಕೆ ದಬ್ಬೆ, ಅಂದರೆ ಸೀಳಿದ ಅಡಿಕೆ ಮರ, ಹಾಸಿಸು. ಸವೆದ ಹವಾಯಿ ಚಪ್ಪಲಿ ಬದಲಾಯಿಸು. ಊರುಗೋಲು ಅಂದರೆ ನಮಗೆ ಮನಸ್ಸು ಒಪ್ಪಲ್ಲ. ಕೊಟ್ಟಿಗೆಗೆ ಹೋಗುವಾಗ ದನ ಅಟ್ಟೋಕೆ ಅಂತ ಒಂದು ಗಟ್ಟಿ ಕೋಲು ಕೊಡು, ಬುಡಕ್ಕೆ ರಬ್ಬರ್ ಬುಷ್ ಹಾಕಿಸಿ. ಎಲ್ಲಕ್ಕಿಂತ ಮೊದಲು, ಮನೆ ಬಿಡಿಸಲ್ಲ ಅಂತ ಅವಳಿಗೆ ಮಾತು ಕೊಡು. ತಲೆ ಸುತ್ತಿದ್ದು, ಬಿದ್ದದ್ದು ನಾವು ಮುಚ್ಚಿಡೋದು ಆ ಭಯಕ್ಕೇ.

ಮಲ್ನಾಡ್ ಮಗಳು:
ಅಜ್ಜ, ಇವತ್ತು ರಾತ್ರಿಯೇ ಫೋನಲ್ಲಿ ಮಾತು ಕೊಡ್ತೀನಿ. ಅಕಸ್ಮಾತ್ ಬಿದ್ದರೆ ಪಕ್ಕದ ಮನೆ ಅಕ್ಕನಿಗೆ ಏನು ಹೇಳಿಡಲಿ?

ಫಿಸಿಯೋ ಹಾಸನ:
ಕಂಕುಳಿಗೆ ಕೈ ಹಾಕಿ ಎಳೆದು ಎತ್ತಬಾರದು ಅಂತ ಹೇಳಿ. ತೊಡೆಸಂದಿನಲ್ಲಿ ನೋವು, ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ಅಲ್ಲಾಡಿಸದೆ 108ಕ್ಕೆ ಫೋನ್ ಮಾಡಲಿ. ರಕ್ತ ತೆಳು ಮಾಡೋ ಮಾತ್ರೆ ಇದ್ದು ತಲೆಗೆ ಪೆಟ್ಟಾದರೆ, ಅಮ್ಮ "ಏನೂ ಆಗಿಲ್ಲ" ಅಂದರೂ ಆಸ್ಪತ್ರೆಗೆ ಹೋಗಲೇಬೇಕು. ಮಾತ್ರೆಗಳ ಹೆಸರು ಬರೆದ ಚೀಟಿಯ ಒಂದು ಪ್ರತಿ ಅಕ್ಕನ ಹತ್ತಿರವೂ ಇರಲಿ.