ಪ್ರಾಚೀನ ಹೀಬ್ರೂ ವಂದನೆಯ ‘ಶಾಲೋಮ್’: ಕುಶಲಪ್ರಶ್ನೆಯೋ, ಆಶೀರ್ವಾದವೋ?

ಪ್ರಶ್ನೆ: ಕೋಲಾರದ ಓದುಗ

ಎಲ್ಲರಿಗೂ ನಮಸ್ಕಾರ. ಕೋಲಾರದ ನಮ್ಮ ಸಭೆಯ ಬೈಬಲ್ ಅಧ್ಯಯನದಲ್ಲಿ ಮುಂದಿನ ತಿಂಗಳು ‘ಶಾಂತಿಯ ಆಶೀರ್ವಾದ’ ಎಂಬ ವಿಷಯದ ಮೇಲೆ ಮಾತನಾಡುವ ಹೊಣೆಯನ್ನು ಹಿರಿಯರು ನನಗೆ ವಹಿಸಿದ್ದಾರೆ. ಆರಾಧನೆಯ ಕೊನೆಯಲ್ಲಿ ಸಭಾಪಾಲಕರು ಕೈಯೆತ್ತಿ ಹೇಳುವ ಆಶೀರ್ವಚನವು ಶಾಂತಿಯ ಮಾತಿಗೇ ಬಂದು ಮುಗಿಯುತ್ತದೆ. ಇತ್ತ ಗಡಿಯಾರ ಗೋಪುರದ ಸುತ್ತ ಬೆಳಗ್ಗೆ ಅಂಗಡಿಗಳ ಬಾಗಿಲು ತೆಗೆಯುವ ಹೊತ್ತಿಗೆ ‘ಅಸ್ಸಲಾಮು ಅಲೈಕುಮ್’ ಎಂಬ ವಂದನೆಯನ್ನೂ ‘ವ ಅಲೈಕುಮ್ ಅಸ್ಸಲಾಮ್’ ಎಂಬ ಮರುವಂದನೆಯನ್ನೂ ಕೇಳುತ್ತಲೇ ಈ ಊರಿನಲ್ಲಿ ನಾವೆಲ್ಲ ಬೆಳೆದಿದ್ದೇವೆ. ಶಾಂತಿ, ಕ್ಷೇಮ ಎಂಬ ಅರ್ಥದ ಹೀಬ್ರೂವಿನ ‘ಶಾಲೋಮ್’, ಅರಬ್ಬಿಯ ‘ಸಲಾಮ್’ ಎರಡರ ಬೇರೂ ಒಂದೇ ಎಂಬುದು ನನಗೆ ತಿಳಿದಿದೆ.

ಆದರೆ ಹಳೆಯ ಒಡಂಬಡಿಕೆಯನ್ನು ಈ ದೃಷ್ಟಿಯಿಂದ ಓದುತ್ತಾ ಹೋದಾಗ, ಜನರು ಪರಸ್ಪರ ಭೇಟಿಯಾದ ಎಷ್ಟೋ ಕಡೆಗಳಲ್ಲಿ ಶಾಲೋಮ್ ಎಂಬುದನ್ನು ಕೊಡುವುದಕ್ಕಿಂತ ಹೆಚ್ಚಾಗಿ ಕೇಳುತ್ತಾರೆ ಎಂದು ನನಗೆ ತೋರಿತು: ಅವನು ಕ್ಷೇಮವೇ, ಇವನು ಕ್ಷೇಮವೇ ಎಂದು. ಹಾಗಿದ್ದರೆ ಅದು ಬರಿಯ ಕುಶಲಪ್ರಶ್ನೆಯಾಗಿತ್ತೇ, ಇಲ್ಲವೇ ನಿಜವಾಗಿಯೂ ಆಶೀರ್ವಾದವಾಗಿತ್ತೇ? ಆಶೀರ್ವಾದವೇ ಆಗಿದ್ದಲ್ಲಿ, ಯಾಜಕನಲ್ಲದ ಒಬ್ಬ ಸಾಮಾನ್ಯ ಮನುಷ್ಯನಿಗೆ ದೇವರ ಶಾಂತಿಯನ್ನು ಇನ್ನೊಬ್ಬನಿಗೆ ಕೊಡುವ ಅಧಿಕಾರ ಎಲ್ಲಿಂದ ಬಂತು? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಬಂಗಾರಪೇಟೆಯಿಂದ

ನಿಮ್ಮ ಗಮನ ಸರಿಯಾದ ಕಡೆಗೇ ಹೋಗಿದೆ. ಆದಿಕಾಂಡ 29ರಲ್ಲಿ ಹಾರಾನಿನ ಬಾವಿಯ ಬಳಿಗೆ ಬಂದ ಯಾಕೋಬನು ಅಲ್ಲಿದ್ದ ಕುರುಬರನ್ನು ತನ್ನ ಸೋದರಮಾವ ಲಾಬಾನನ ಬಗ್ಗೆ ಕೇಳುವುದು ‘ಅವನಿಗೆ ಶಾಲೋಮ್ ಇದೆಯೇ’ ಎಂದೇ. ಅವರು ಕೊಡುವ ಉತ್ತರವೂ ‘ಶಾಲೋಮ್’ ಎಂಬ ಒಂದೇ ಮಾತು. 43ನೆಯ ಅಧ್ಯಾಯದಲ್ಲಿ ಯಾಕೋಬನ ಮಗ ಯೋಸೇಫನು ಐಗುಪ್ತಕ್ಕೆ (ಈಜಿಪ್ಟಿಗೆ) ಬಂದ ಅಣ್ಣಂದಿರ ಕ್ಷೇಮವನ್ನು ವಿಚಾರಿಸಿ, ಮುದುಕನಾದ ತಂದೆಯ ಶಾಲೋಮನ್ನು ಬೇರೆಯಾಗಿ ವಿಚಾರಿಸುತ್ತಾನೆ. ಪ್ರಾಣ, ಆರೋಗ್ಯ, ಮನೆತನ, ಹೊಟ್ಟೆಬಟ್ಟೆ ಎಲ್ಲವೂ ಆ ವಿಚಾರಣೆಯೊಳಗೆ ಸೇರಿವೆ.

ಇದಕ್ಕಿಂತಲೂ ಆಳವಾದದ್ದು 37ನೆಯ ಅಧ್ಯಾಯದಲ್ಲಿದೆ. ನಿಮ್ಮ ಮಾತಿಗೆ ಅದನ್ನೇ ಮುಖ್ಯ ಆಧಾರವಾಗಿ ಇಟ್ಟುಕೊಳ್ಳಬಹುದೆಂದು ನನ್ನ ಅಭಿಪ್ರಾಯ. ತಂದೆ ಯೋಸೇಫನನ್ನೇ ಹೆಚ್ಚು ಪ್ರೀತಿಸುತ್ತಾನೆಂದು ಕಂಡ ಅಣ್ಣಂದಿರಿಗೆ ಅವನೊಡನೆ ‘ಶಾಲೋಮಿನಿಂದ ಮಾತನಾಡಲು’ ಆಗಲಿಲ್ಲ ಎಂದು 4ನೆಯ ವಚನ ಹೇಳುತ್ತದೆ. ವಂದನೆ ನಿಂತುಹೋದದ್ದೇ ಆ ಮನೆಯ ಒಡಕಿನ ಮೊದಲ ಗುರುತು. ಹತ್ತು ವಚನಗಳ ನಂತರ ತಂದೆಯು ಅದೇ ಯೋಸೇಫನನ್ನು ಕರೆದು, ಶೆಕೆಮಿನ ಕಡೆ ಕುರಿ ಮೇಯಿಸುತ್ತಿರುವ ಅಣ್ಣಂದಿರ ಶಾಲೋಮನ್ನೂ ಕುರಿಮಂದೆಯ ಶಾಲೋಮನ್ನೂ ನೋಡಿಕೊಂಡು ಬಂದು ತಿಳಿಸೆಂದು ಕಳುಹಿಸುತ್ತಾನೆ. ತನಗೆ ಶಾಲೋಮ್ ಹೇಳದವರ ಶಾಲೋಮನ್ನು ವಿಚಾರಿಸಲು ಹೊರಟ ಆ ಹುಡುಗನನ್ನು ಅವರು ಬಟ್ಟೆ ಕಿತ್ತುಕೊಂಡು ಬಾವಿಗೆ ತಳ್ಳಿ, ಆಮೇಲೆ ಮಾರಿಬಿಡುತ್ತಾರೆ. ಕುರಿಗಳಿಗೂ ಶಾಲೋಮ್ ಉಂಟೆಂಬ ಆ ಮಾತನ್ನು ಓದುವವರು ಸಾಮಾನ್ಯವಾಗಿ ಗಮನಿಸದೆ ದಾಟಿಬಿಡುತ್ತಾರೆ. ಮನಸ್ಸಿನ ನೆಮ್ಮದಿಯನ್ನಷ್ಟೇ ಶಾಂತಿ ಎಂದುಕೊಂಡವರಿಗೆ ಅದು ಅರ್ಥವಾಗುವುದಿಲ್ಲ.

ಇನ್ನು ಕೇಳುವ ಮಾತಲ್ಲದೆ ಕೊಡುವ ಮಾತೂ ಉಂಟು. 1 ಸಮುವೇಲ 25ರಲ್ಲಿ ಕುರಿಗಳ ಉಣ್ಣೆ ಕತ್ತರಿಸುವ ಕಾಲಕ್ಕೆ ದಾವೀದನು ನಾಬಾಲನ ಬಳಿಗೆ ಹತ್ತು ಮಂದಿ ಯುವಕರನ್ನು ಕಳುಹಿಸಿ, ನಿನಗೆ ಶಾಲೋಮ್, ನಿನ್ನ ಮನೆಗೆ ಶಾಲೋಮ್, ನಿನಗಿರುವ ಎಲ್ಲದಕ್ಕೂ ಶಾಲೋಮ್ ಎಂದು ಮೂರು ಸಲ ಹೇಳಿಸುತ್ತಾನೆ. ನ್ಯಾಯಸ್ಥಾಪಕರು 19ರಲ್ಲಿ ಗಿಬೆಯದ ಬೀದಿಯಲ್ಲಿ ರಾತ್ರಿ ತಂಗಲು ಎಡೆಯಿಲ್ಲದೆ ಕುಳಿತ ಪರದೇಶಿಯನ್ನು ಕಂಡ ಮುದುಕನೊಬ್ಬನು ‘ನಿನಗೆ ಶಾಲೋಮ್’ ಎಂದ ಉಸಿರಿನಲ್ಲೇ ‘ನಿನಗೆ ಬೇಕಾದದ್ದೆಲ್ಲ ನನ್ನ ಮೇಲಿರಲಿ’ ಎನ್ನುತ್ತಾನೆ, ಮನೆಗೆ ಕರೆದೊಯ್ದು ಕತ್ತೆಗಳಿಗೆ ಮೇವು ಹಾಕುತ್ತಾನೆ. ಆ ರಾತ್ರಿ ಮುಂದೆ ನಡೆದದ್ದು ಘೋರವಾದದ್ದು, ಅದನ್ನು ಇಲ್ಲಿ ಎತ್ತುವುದಿಲ್ಲ. ಆದರೂ ವಂದಿಸಿದವನು ವಂದನೆಯ ಖರ್ಚನ್ನೂ ಹೊರಬೇಕಾಗಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ನನಗೆ ಕಂಡಿಲ್ಲ.

ಉತ್ತರ: ಚಿಂತಾಮಣಿಯ ಇತಿಹಾಸ ಉಪನ್ಯಾಸಕ

ಹಿಂದಿನವರು ಗ್ರಂಥದಿಂದ ತೋರಿಸಿದ್ದನ್ನು ನೆಲದೊಳಗಿಂದ ಸಿಕ್ಕ ಬರಹಗಳೂ ಬೆಂಬಲಿಸುತ್ತವೆ. ನಿಮ್ಮ ಎರಡು ಪ್ರಶ್ನೆಗಳಿಗೂ ಉತ್ತರ ಆ ಬರಹಗಳಲ್ಲೇ ಇದೆ ಎಂದು ನಾನು ನಂಬಿದ್ದೇನೆ.

1935ರಲ್ಲಿ ಪ್ರಾಚೀನ ಯೆಹೂದ ರಾಜ್ಯದ ಪಟ್ಟಣವಾದ ಲಾಕೀಷಿನ ಕೋಟೆಬಾಗಿಲಿನ ಕಾವಲುಕೋಣೆಯಲ್ಲಿ, ಸುಟ್ಟು ಕರಿಯಾದ ಪದರದ ನಡುವೆ, ಮಸಿಯಲ್ಲಿ ಬರೆದ ಮಡಕೆಯ ಚೂರುಗಳು ಸಿಕ್ಕವು. ಅವು ಬಾಬಿಲೋನಿನ ದಂಡು ಯೆಹೂದವನ್ನು ಮುರಿಯುವುದಕ್ಕೆ ತುಸು ಮುಂಚೆ, ಅಂದರೆ ಕ್ರಿ.ಪೂ. 6ನೆಯ ಶತಮಾನದ ಮೊದಲ ವರ್ಷಗಳಲ್ಲಿ, ಕೆಳಗಿನ ಅಧಿಕಾರಿಗಳು ಯಾವೂಷ್ ಎಂಬ ಮೇಲಧಿಕಾರಿಗೆ ಕಳುಹಿಸಿದ ಪತ್ರಗಳು. ಅವುಗಳಲ್ಲಿ ಎರಡನೆಯದು, ಯೆಹೋವನು ನನ್ನ ಒಡೆಯನಿಗೆ ಈ ದಿನವೇ ಶಾಲೋಮಿನ ಸುದ್ದಿಯನ್ನು ಕೇಳಿಸಲಿ ಎಂದು ಆರಂಭವಾಗುತ್ತದೆ. ನಮ್ಮ ಅಜ್ಜಂದಿರ ಕಾಗದಗಳು ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಶುರುವಾಗುತ್ತಿದ್ದಂತೆ ಇದೂ ಪತ್ರದ ರೂಢಿಯ ಮಾತೇ. ಆದರೆ ಶತ್ರುವಿನ ದಂಡು ಹತ್ತಿರವಾಗುತ್ತಿದ್ದ ದಿನಗಳಲ್ಲಿ ಅದನ್ನು ಬರೆದವನಿಗೂ ಓದಿಸಿಕೊಂಡವನಿಗೂ ಅದು ರೂಢಿಯಷ್ಟೇ ಆಗಿರಲಾರದು.

ನಿಮ್ಮ ವಿಷಯಕ್ಕೆ ಇದಕ್ಕಿಂತ ಹತ್ತಿರವಾದವು ಯೆಹೂದದ್ದೇ ಆದ ಅರಾದ್ ಕೋಟೆಯ ಚೂರುಗಳು. 1960ರ ದಶಕದಲ್ಲಿ ಯೋಹಾನಾನ್ ಅಹರೋನಿ ನಡೆಸಿದ ಉತ್ಖನನದಲ್ಲಿ ಇವು ದೊರೆತವು. ಬಹುಪಾಲು ಎಲ್ಯಾಷೀಬ್ ಎಂಬ ಅಧಿಕಾರಿಗೆ ಬಂದವು. ದಂಡಿನವರಿಗೆ ದ್ರಾಕ್ಷಾರಸ, ಹಿಟ್ಟು, ಎಣ್ಣೆ ಅಳೆದು ಕೊಡಬೇಕೆಂಬ ಉಗ್ರಾಣದ ಆಜ್ಞೆಗಳು ಅವುಗಳಲ್ಲಿವೆ. ಅಂಥ ಒಂದು ವ್ಯವಹಾರದ ಪತ್ರದ, ಅಂದರೆ 18ನೆಯ ಚೂರಿನ, ಆರಂಭದಲ್ಲಿ ‘ಯೆಹೋವನು ನಿನ್ನ ಶಾಲೋಮನ್ನು ವಿಚಾರಿಸಲಿ’ ಎಂದಿದೆ. ಯಾಕೋಬನೂ ಯೋಸೇಫನೂ ಮನುಷ್ಯರ ಬಗ್ಗೆ ಕೇಳಿದ ಅದೇ ಪ್ರಶ್ನೆಯನ್ನು ಇಲ್ಲಿ ಬರೆದವನು ದೇವರ ಬಾಯಲ್ಲಿ ಇರಿಸಿದ್ದಾನೆ. ನಾನು ದೂರದಲ್ಲಿದ್ದೇನೆ, ನಿನ್ನ ಮನೆಬಾಗಿಲಿಗೆ ಬಂದು ಕೇಳಲಾರೆ, ಆದ್ದರಿಂದ ಆತನೇ ಬಂದು ವಿಚಾರಿಸಿಕೊಳ್ಳಲಿ ಎಂಬ ಭಾವ ಅದರಲ್ಲಿದೆಯೆಂದು ನಾನು ಓದುತ್ತೇನೆ. ಕುಶಲಪ್ರಶ್ನೆ ಆಶೀರ್ವಾದವಾಗುವ ಬಗೆ ಇದೇ, ಎರಡನ್ನೂ ಬೇರ್ಪಡಿಸಬೇಕಾಗಿಲ್ಲ.

ಅಧಿಕಾರದ ಪ್ರಶ್ನೆಗೆ 16ನೆಯ ಚೂರನ್ನು ನೋಡಬೇಕು. ಹನನ್ಯ ಎಂಬವನು ಎಲ್ಯಾಷೀಬನ ಹಾಗೂ ಅವನ ಮನೆಯವರ ಶಾಲೋಮನ್ನು ವಿಚಾರಿಸಿ, ನಿನ್ನನ್ನು ಯೆಹೋವನಿಗೆ ಒಪ್ಪಿಸಿ ಆಶೀರ್ವದಿಸಿದ್ದೇನೆ ಎಂಬ ಅರ್ಥದ ಮಾತನ್ನು ಬರೆಯುತ್ತಾನೆ. ಅವನು ತನ್ನ ಕೈಯಿಂದ ಏನನ್ನೂ ಕೊಡುತ್ತಿಲ್ಲ. ಅರಣ್ಯಕಾಂಡ 6ರಲ್ಲಿ ಆರೋನನ ವಂಶದ ಯಾಜಕರಿಗೆ ಕಲಿಸಿದ ಆಶೀರ್ವಾದವೂ ಹೀಗೆಯೇ ಇದೆ: ಯಾಜಕರು ಜನರ ಮೇಲೆ ದೇವರ ಹೆಸರನ್ನು ಇಡುತ್ತಾರೆ, ಆಶೀರ್ವದಿಸುವವನು ನಾನೇ ಎಂದು ಆತನು 27ನೆಯ ವಚನದಲ್ಲಿ ಹೇಳುತ್ತಾನೆ. ಹೀಬ್ರೂ ಮೂಲದಲ್ಲಿ ಆ ಆಶೀರ್ವಾದದ ಮೂರು ಸಾಲುಗಳು 3, 5, 7 ಪದಗಳಾಗಿ ಬೆಳೆಯುತ್ತಾ ಹೋಗಿ, ಕೊನೆಯ ಪದವಾಗಿ ಶಾಲೋಮ್ ಬಂದು ನಿಲ್ಲುತ್ತದೆ. 1979ರಲ್ಲಿ ಗೇಬ್ರಿಯಲ್ ಬರ್ಕಾಯ್ ಅವರು ಯೆರೂಸಲೇಮಿನ ಕೆತೆಫ್ ಹಿನ್ನೋಮಿನ ಸಮಾಧಿಗುಹೆಯಲ್ಲಿ ಕಂಡ ಎರಡು ಬೆಳ್ಳಿಯ ಸುರುಳಿಗಳ ಮೇಲೆ ಇದೇ ಆಶೀರ್ವಾದದ ಮಾತುಗಳಿವೆ. ಚಿಕ್ಕದನ್ನು ಬಿಡಿಸಿದರೆ ಸುಮಾರು 4 ಸೆಂ.ಮೀ. ಉದ್ದ, 1 ಸೆಂ.ಮೀ. ಅಗಲ. ತಾಯಿತದಂತೆ ಮೈಮೇಲೆ ಧರಿಸುವಂಥ ಆ ತೆಳು ತಗಡಿನ ಮೇಲೆ, ‘ನಿನಗೆ ಶಾಂತಿ ಕೊಡಲಿ’ ಎಂಬುದನ್ನು ಕೂದಲೆಳೆಯ ಗೆರೆಗಳಲ್ಲಿ ಗೀಚಿದ್ದಾರೆ.

ಉತ್ತರ: ಕೆ.ಜಿ.ಎಫ್. ರಾಬರ್ಟ್‌ಸನ್‌ಪೇಟೆಯಿಂದ

ಇಬ್ಬರೂ ಬರೆದದ್ದನ್ನು ಒಪ್ಪುತ್ತೇನೆ, ಆದರೆ ಸಭೆಯ ಮುಂದೆ ಇದರ ಇನ್ನೊಂದು ಮುಖವನ್ನೂ ಇಡಬೇಕೆಂದು ಕೇಳಿಕೊಳ್ಳುತ್ತೇನೆ. ಮೊದಲನೆಯದಾಗಿ, ಇಸ್ರಾಯೇಲ್ಯರೆಲ್ಲರೂ ಯಾವಾಗಲೂ ಶಾಲೋಮ್ ಎಂದೇ ವಂದಿಸುತ್ತಿದ್ದರೆಂದು ಭಾವಿಸಬಾರದು. ರೂತಳು 2:4ರಲ್ಲಿ ಬೆತ್ಲೆಹೇಮಿನಿಂದ ಹೊಲಕ್ಕೆ ಬಂದ ಬೋವಜನು ಕೊಯ್ಲಿನವರಿಗೆ ಯೆಹೋವನು ನಿಮ್ಮ ಸಂಗಡ ಇರಲಿ ಎನ್ನುತ್ತಾನೆ, ಕೂಲಿಯವರು ಯೆಹೋವನು ನಿನ್ನನ್ನು ಆಶೀರ್ವದಿಸಲಿ ಎಂದು ಮರುನುಡಿಯುತ್ತಾರೆ. ಒಡೆಯನನ್ನು ಕೂಲಿಯವರೇ ಆಶೀರ್ವದಿಸುವ ಈ ದೃಶ್ಯ ನಿಮ್ಮ ಎರಡನೆಯ ಪ್ರಶ್ನೆಗೆ ಒಳ್ಳೆಯ ಉತ್ತರವಾಗಬಲ್ಲದು.

ಎರಡನೆಯದು ಕಹಿಯಾದದ್ದು. 2 ಸಮುವೇಲ 11ರಲ್ಲಿ ದಾವೀದನು ತನ್ನ ಸೈನಿಕ ಊರೀಯನನ್ನು ರಣರಂಗದಿಂದ ಕರೆಸಿ ಸೇನಾಪತಿ ಯೋವಾಬನ ಶಾಲೋಮ್, ಜನರ ಶಾಲೋಮ್, ಕೊನೆಗೆ ಯುದ್ಧದ ಶಾಲೋಮನ್ನೂ ಕೇಳುತ್ತಾನೆ. ಕೆಲವೇ ದಿನಗಳಲ್ಲಿ ಅದೇ ಊರೀಯನ ಕೈಯಲ್ಲಿ ಅವನ ಮರಣದ ಪತ್ರವನ್ನು ಕೊಟ್ಟು ಕಳುಹಿಸುತ್ತಾನೆ. 20ನೆಯ ಅಧ್ಯಾಯದಲ್ಲಿ ಯೋವಾಬನು ಅಮಾಸನಿಗೆ ‘ತಮ್ಮಾ, ಶಾಲೋಮೇ?’ ಎನ್ನುತ್ತಾ, ಮುದ್ದಿಡುವವನಂತೆ ಬಲಗೈಯಿಂದ ಅವನ ಗಡ್ಡ ಹಿಡಿದು ಕತ್ತಿಯಿಂದ ತಿವಿಯುತ್ತಾನೆ. ಜನರ ಗಾಯವನ್ನು ಮೇಲೆಮೇಲೆ ವಾಸಿಮಾಡಿ, ಶಾಂತಿಯಿಲ್ಲದಿರುವಾಗ ಶಾಂತಿ ಶಾಂತಿ ಎನ್ನುವವರನ್ನು ಯೆರೆಮೀಯನು ಖಂಡಿಸಿದ್ದು (6:14) ಇದೇ ಕಾರಣಕ್ಕೆ. ಇಸ್ರಾಯೇಲ್ಯರ ಬಾಯಲ್ಲಿ ಈ ಮಾತು ಪವಿತ್ರವಾಗಿದ್ದುದರಿಂದಲೇ ಅದನ್ನು ಸುಳ್ಳಾಗಿ ಆಡುವುದು ಅಷ್ಟು ದೊಡ್ಡ ಅಪರಾಧವಾಯಿತು.

ಮರುಪ್ರಶ್ನೆ: ಕೋಲಾರದ ಓದುಗ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಅರಾದಿನ ಪತ್ರದ ಸಾಲು ನನ್ನ ಗೊಂದಲವನ್ನು ಬಹುಮಟ್ಟಿಗೆ ಬಿಡಿಸಿದೆ. ಒಂದು ವಿಷಯ ಮಾತ್ರ ಉಳಿದಿದೆ. 2 ಅರಸುಗಳು 4ರಲ್ಲಿ ಪ್ರವಾದಿ ಎಲೀಷನ ಸೇವಕನಾದ ಗೇಹಜಿಯು ಶೂನೇಮಿನ ಸ್ತ್ರೀಗೆ ಎದುರಾಗಿ ನಿನಗೆ, ನಿನ್ನ ಗಂಡನಿಗೆ, ನಿನ್ನ ಮಗುವಿಗೆ ಶಾಲೋಮೇ ಎಂದು ಕೇಳಿದಾಗ, ಮನೆಯಲ್ಲಿ ಮಗನ ಶವವಿದ್ದರೂ ಅವಳು ‘ಶಾಲೋಮ್’ ಎನ್ನುತ್ತಾಳೆ. ಇದನ್ನು ಸುಳ್ಳೆನ್ನಲು ನನ್ನ ಮನಸ್ಸು ಒಪ್ಪುತ್ತಿಲ್ಲ. ಬೀಳ್ಕೊಡುವಾಗಲೂ ಈ ಮಾತಿಗೆ ಇದೇ ತೂಕವಿತ್ತೇ ಎಂಬುದನ್ನೂ ತಿಳಿಸಿರಿ.

ಉತ್ತರ: ಬಂಗಾರಪೇಟೆಯಿಂದ

ಆ ತಾಯಿ ಗೇಹಜಿಗೆ ಒಂದು ಮಾತಿನಲ್ಲಿ ಉತ್ತರಿಸಿ, ನಿಲ್ಲದೆ ಮುಂದೆ ಹೋಗಿ ಎಲೀಷನ ಪಾದಗಳನ್ನು ಹಿಡಿದುಕೊಳ್ಳುತ್ತಾಳೆ. ತನ್ನ ದುಃಖವನ್ನು ಸೇವಕನ ಮುಂದೆ ಹೇಳುವುದಿಲ್ಲ, ಮಗನನ್ನು ವಾಗ್ದಾನ ಮಾಡಿದವನ ಮುಂದೆಯೇ ಹೇಳುತ್ತೇನೆಂಬ ಹಟ ಅದರಲ್ಲಿದೆ. ಅದು ನಂಬಿಕೆಯ ಮಾತೆಂದು ಓದುವವರೂ ಇದ್ದಾರೆ. ಮಾತನ್ನು ಅಲ್ಲಿಗೆ ಮೊಟಕುಗೊಳಿಸುವ ಮಾತೆಂದು ನನಗೆ ತೋರುತ್ತದೆ. ಸಭೆಯಲ್ಲಿ ಎರಡನ್ನೂ ಹೇಳಿರಿ.

ಬೀಳ್ಕೊಡುವ ಮಾತಿಗೆ ಖಂಡಿತವಾಗಿಯೂ ತೂಕವಿತ್ತು. ಶೀಲೋವಿನಲ್ಲಿ ಮಕ್ಕಳಿಲ್ಲದ ಕೊರಗಿನಿಂದ ತುಟಿಯಷ್ಟೇ ಅಲುಗಿಸುತ್ತಾ ಪ್ರಾರ್ಥಿಸಿದ ಹನ್ನಳನ್ನು ಯಾಜಕನಾದ ಏಲಿಯು ಮೊದಲು ಕುಡಿದವಳೆಂದು ಗದರಿ, ಆಮೇಲೆ ‘ಶಾಲೋಮಿನೆಡೆಗೆ ಹೋಗು’ ಎಂದು ಕಳುಹಿಸುತ್ತಾನೆ. ಅವಳು ಹೋಗಿ ಊಟಮಾಡಿದಳು, ಮತ್ತೆ ಅವಳ ಮುಖ ಬಾಡಿರಲಿಲ್ಲ ಎಂದು 1 ಸಮುವೇಲ 1 ಹೇಳುತ್ತದೆ. ಇತ್ರೋ ತನ್ನ ಅಳಿಯ ಮೋಶೆಯನ್ನು ಐಗುಪ್ತಕ್ಕೆ ಬೀಳ್ಕೊಟ್ಟದ್ದೂ ಇದೇ ಮಾತಿನಿಂದ. ಮುಂದೆ ಯೆಹೂದ್ಯರ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮೂದಿನ ಗುರುಗಳು ಬದುಕಿರುವವನನ್ನು ‘ಶಾಲೋಮಿನೆಡೆಗೆ ಹೋಗು’ ಎಂದೂ, ತೀರಿಕೊಂಡವನನ್ನು ‘ಶಾಲೋಮಿನಲ್ಲಿ ಹೋಗು’ ಎಂದೂ ಕಳುಹಿಸಬೇಕೆಂದು ಕಲಿಸಿದರು: ಬದುಕಿರುವವನ ದಾರಿ ಇನ್ನೂ ಮುಂದಕ್ಕಿದೆ. ಸ್ನಾನಗೃಹದಲ್ಲಿ ಈ ವಂದನೆಯನ್ನು ಉಚ್ಚರಿಸಬಾರದೆಂಬ ನಿಯಮವನ್ನೂ ಅವರು ಮಾಡಿದರು. ದೇವದೂತನನ್ನು ಮುಖಾಮುಖಿಯಾಗಿ ಕಂಡು ಸಾಯುವೆನೆಂದು ನಡುಗಿದ ಗಿದ್ಯೋನನಿಗೆ ‘ನಿನಗೆ ಶಾಲೋಮ್, ಹೆದರಬೇಡ, ನೀನು ಸಾಯುವುದಿಲ್ಲ’ ಎಂಬ ನುಡಿ ಬಂದ ಮೇಲೆ, ಅವನು ಒಫ್ರದಲ್ಲಿ ಕಟ್ಟಿದ ಬಲಿಪೀಠಕ್ಕೆ ‘ಯೆಹೋವ ಶಾಲೋಮ್’ ಎಂದು ಹೆಸರಿಟ್ಟನಲ್ಲವೇ. ಹಾಗಾಗಿ ಶಾಲೋಮ್ ದೇವರ ಹೆಸರೂ ಹೌದೆಂದು ಆ ಗುರುಗಳು ತಿಳಿದರು, ಸ್ನಾನಗೃಹದ ನಿಯಮಕ್ಕೆ ಕಾರಣವೂ ಅದೇ.

ಸುವಾರ್ತೆಗೆ ಬರುವುದಾದರೆ ಲೂಕ 10ನ್ನು ಓದಿಸಿರಿ. ಯೇಸು ಕಳುಹಿಸಿದ ಶಿಷ್ಯರು ಮನೆಯನ್ನು ಹೊಕ್ಕಕೂಡಲೇ ಈ ಮನೆಗೆ ಶಾಂತಿ ಎನ್ನಬೇಕು. ಶಾಂತಿಗೆ ತಕ್ಕವನು ಅಲ್ಲಿದ್ದರೆ ಅದು ಅವನ ಮೇಲೆ ನೆಲೆಸುವುದು, ಇಲ್ಲದಿದ್ದರೆ ಹೇಳಿದವರಿಗೇ ಹಿಂತಿರುಗುವುದು. ಸಮಯ ಕಡಿಮೆಯಿದ್ದರೆ ಆದಿಕಾಂಡ 37, ಅರಣ್ಯಕಾಂಡ 6 ಮತ್ತು ಲೂಕ 10 ಇಷ್ಟನ್ನೇ ಇಟ್ಟುಕೊಳ್ಳಿರಿ. ಅರಾದಿನ ಸಾಲನ್ನು ಬರೆದು ಹಲಗೆಯ ಮೇಲೆ ತೋರಿಸಿದರೆ ಹಿರಿಯರಿಗೂ ಮಕ್ಕಳಿಗೂ ಹಿಡಿಸುತ್ತದೆ.